ತೆಂಗಿನ ಸೀಮೆಯಲ್ಲಿ ಹೊಸ ಕಥೋಲಿಕ ಶಾಲೆ: ಮೊದಲ ವರ್ಷ, ಹಂತ ಹಂತವಾಗಿ

ತುಮಕೂರು ಜಿಲ್ಲೆಯ ಬೋರನಕಣಿವೆಯ ಆಸುಪಾಸಿನಲ್ಲಿ ಒಂದು ಕಥೋಲಿಕ ಪ್ರಾಥಮಿಕ ಶಾಲೆ ತೆರೆಯಬೇಕೆಂದು ಹೊರಟ ಗುರುಗಳಿಗೆ, ಸಿಸ್ಟರ್‌ಗಳಿಗೆ, ಅವರ ಜೊತೆ ನಿಲ್ಲುವ ನಾಲ್ಕಾರು ಮನೆಯವರಿಗೆ ಈ ಬರಹ. ಇಲ್ಲಿ ಕಥೋಲಿಕರು ಬೆರಳೆಣಿಕೆಯಷ್ಟು. ಮಂಗಳೂರಿನ ಕಥೆ ಬೇರೆ. 1870ರಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು ಅಲ್ಲಿಗೆ ಬಂದಾಗ, 1880ರಲ್ಲಿ ಯೇಸುಸಭೆಯ ಗುರುಗಳು ಸಂತ ಅಲೋಶಿಯಸ್ ಕಾಲೇಜು ತೆರೆದಾಗ, 1921ರಲ್ಲಿ ರೇಮಂಡ್ ಮಸ್ಕರೇನಸ್ ಗುರುಗಳು ಬೆಂದೂರಿನಲ್ಲಿ ಬೆಥನಿ ಸಭೆ ಕಟ್ಟಿದಾಗ, ಮಕ್ಕಳನ್ನು ಕಳಿಸಲು ಕಾದಿದ್ದ ಕ್ರೈಸ್ತ ಕುಟುಂಬಗಳೇ ಸಾಕಷ್ಟಿದ್ದವು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ನಿಮ್ಮ ಬಾಗಿಲಿಗೆ ಬರುವ ಮಕ್ಕಳು ಲಿಂಗಾಯತರವರು, ಕುರುಬರವರು, ಕಾಡುಗೊಲ್ಲರವರು, ಒಕ್ಕಲಿಗರವರು, ದಲಿತ ಕೇರಿಯವರು, ಲಂಬಾಣಿ ತಾಂಡಾದವರು, ಹುಳಿಯಾರಿನ ಮುಸ್ಲಿಮರವರು. ಕಥೋಲಿಕ ಮಗು ಒಂದೋ ಎರಡೋ ಇದ್ದರೆ ಹೆಚ್ಚು.

ಹಾಗಾಗಿ ಮೊದಲ ವರ್ಷದ ಕೆಲಸ ಶಾಲೆಯನ್ನು ದೊಡ್ಡದು ಮಾಡುವುದಲ್ಲ. ನಮ್ಮ ಮಗುವನ್ನು ಇವರ ಕೈಗೆ ಕೊಡಬಹುದು ಎಂದು ಊರಿನವರು ತಾವಾಗಿ ಹೇಳುವ ಹಾಗೆ ನಡೆದುಕೊಳ್ಳುವುದು. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿಗೇ ಸೇರಿದವು.

ಹಂತ 1: ಜನವರಿಯಿಂದ ಮಾರ್ಚ್‌ವರೆಗೆ ಮನೆ ಮನೆಗೆ ಹೋಗಿ

ಕಟ್ಟಡದ ನಕ್ಷೆಗಿಂತ ಮೊದಲು ನಡಿಗೆ. ಆದರೆ ಪೋಷಕರ ಮನೆಗೂ ಮುಂಚೆ ಹೋಗಬೇಕಾದ ಜಾಗ ಒಂದಿದೆ: ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಅಲ್ಲಿನ ಮೇಷ್ಟ್ರನ್ನು ಕಂಡು, ಎಷ್ಟು ಮಕ್ಕಳಿದ್ದಾರೆ, ಯಾವ ತರಗತಿಯಲ್ಲಿ ಕಡಿಮೆ ಎಂದು ಕೇಳಿ ತಿಳಿಯಿರಿ. ಹತ್ತೋ ಹದಿನೈದೋ ಮಕ್ಕಳಿರುವ ಶಾಲೆಯ ಪಕ್ಕ ನೀವು ಬಂದು ಕೂತರೆ ಆ ಶಾಲೆ ಮುಚ್ಚುತ್ತದೆ. ನಿಮ್ಮ ಶುಲ್ಕ ಕೊಡಲಾರದ ಮನೆಯ ಮಗು ಆಮೇಲೆ ಎಲ್ಲಿಗೆ ಹೋಗಬೇಕು? ಅಂಥ ಕಡೆ ಜಾಗ ಸಿಕ್ಕಿದರೂ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಶಾಲೆಯೇ ಇಲ್ಲದೆ ಮಕ್ಕಳು ಬೆಳಿಗ್ಗೆ ಏಳಕ್ಕೇ ವ್ಯಾನು ಹತ್ತಿ ದೂರ ಹೋಗುತ್ತಿರುವ ಕಡೆ ನೋಡಿ. ಹುಡುಕಿದರೆ ಸಿಗುತ್ತದೆ.

ಮನೆಗೆ ಹೋದಾಗ ಕರಪತ್ರ ಹಂಚಬೇಡಿ. ಕೂತು ಮಾತಾಡಿ. ಮಗುವನ್ನು ಬೆಳಿಗ್ಗೆ ಹೊರಡಿಸುವವರು ಯಾರು? ಕುರುಬರ, ಗೊಲ್ಲರ ಮನೆಗಳಲ್ಲಿ ಅಪ್ಪ ಅಮ್ಮ ಕುರಿ ಹಿಂಡಿನ ಜೊತೆ ತಿಂಗಳುಗಟ್ಟಲೆ ಹೊರಗೆ ಇರುವುದುಂಟು. ಆಗ ಪೋಷಕರೆಂದರೆ ಅಜ್ಜಿ. ನಿಮ್ಮ ಸಭೆಗೆ ಬರುವವಳೂ ಅಜ್ಜಿಯೇ, ಡೈರಿಯಲ್ಲಿ ಹೆಬ್ಬೆಟ್ಟು ಒತ್ತುವವಳೂ ಅಜ್ಜಿಯೇ. ಮನೆಯಲ್ಲಿ ಆಡುವ ಮಾತು ಯಾವುದು? ತಾಂಡಾದ ಮಗುವಿಗೆ ಲಂಬಾಣಿ ಮನೆಮಾತು, ಹುಳಿಯಾರು ಪೇಟೆಯ ಎಷ್ಟೋ ಮಕ್ಕಳಿಗೆ ಉರ್ದು. ದುಡ್ಡು ಕೈಗೆ ಬರುವುದು ಯಾವ ತಿಂಗಳು? ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಮನೆವಾರು ಬರೆದಿಡಿ. ಮುಂದೆ ಶುಲ್ಕ, ಸಮಯ, ರಜೆ ಎಲ್ಲವನ್ನೂ ಈ ಪುಸ್ತಕ ನೋಡಿಯೇ ತೀರ್ಮಾನಿಸುತ್ತೀರಿ.

ಒಂದು ಪ್ರಶ್ನೆ ಎದುರಾಗುವುದಂತೂ ಖಂಡಿತ. "ನಮ್ ಹುಡ್ಗನ್ನ ನಿಮ್ ಧರ್ಮಕ್ಕೆ ಸೇರಿಸ್ಕೊಂಬಿಡ್ತೀರಾ ಸಿಸ್ಟರ್?" ಕೇಳಿದವರ ಮೇಲೆ ಬೇಸರ ಬೇಡ, ಮಗುವಿನ ತಾಯಿ ಕೇಳಲೇಬೇಕಾದ ಮಾತು ಅದು. "ಇಲ್ಲಮ್ಮ" ಎಂದು ನೇರವಾಗಿ ಹೇಳಿ. ಯಾರನ್ನೂ ಅವರ ಮನಸ್ಸಾಕ್ಷಿಗೆ ವಿರುದ್ಧವಾಗಿ ಬಲವಂತದಿಂದ ಕಥೋಲಿಕ ವಿಶ್ವಾಸಕ್ಕೆ ತರಕೂಡದು ಎಂದು ಧರ್ಮಸಭೆಯ ಕಾನೂನು ಸಂಹಿತೆಯ 748ನೇ ವಿಧಿಯೇ ಹೇಳುತ್ತದೆ. ವಿಧಿಯ ಸಂಖ್ಯೆ ಆ ತಾಯಿಗೆ ಬೇಕಿಲ್ಲ, ನಿಮಗೆ ಬೇಕು.

ಹಂತ 2: ಕಾಗದ ಪತ್ರ

ತುಮಕೂರು ಜಿಲ್ಲೆ ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿದ್ದು. 1940ರಲ್ಲಿ ಧರ್ಮಕ್ಷೇತ್ರವಾಗಿ, 1953ರಲ್ಲಿ ಮಹಾಧರ್ಮಕ್ಷೇತ್ರವಾದದ್ದು ಅದು. ಧರ್ಮಸಭೆಯ ಅಧಿಕಾರಸ್ಥರ ಒಪ್ಪಿಗೆ ಇಲ್ಲದೆ ಯಾವ ಶಾಲೆಯೂ ತನ್ನನ್ನು ಕಥೋಲಿಕ ಶಾಲೆ ಎಂದು ಕರೆದುಕೊಳ್ಳುವಂತಿಲ್ಲ. ಇದು ಸಂಹಿತೆಯ 803ನೇ ವಿಧಿ. ಆದ್ದರಿಂದ ಮೊದಲ ಪತ್ರ ಮಹಾಧರ್ಮಾಧ್ಯಕ್ಷರ ಕಚೇರಿಯಿಂದ ಬರಬೇಕು, ಬರಹದಲ್ಲೇ ಬರಬೇಕು.

ಆಮೇಲೆ ಸರ್ಕಾರದ್ದು. ಆಡಳಿತ ನಡೆಸುವ ಸಂಸ್ಥೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿಯೋ ಟ್ರಸ್ಟ್ ಆಗಿಯೋ ನೋಂದಾಯಿಸಿರಬೇಕು. ತೋಟದ ಜಮೀನಾದರೆ ಭೂ ಪರಿವರ್ತನೆ ಆಗಿರಬೇಕು. ಶಾಲೆಯ ನೋಂದಣಿ, ಮಾನ್ಯತೆ ಎರಡೂ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ ಪ್ರಕಾರ. ಅರ್ಜಿ ಹಿಡಿದು ಎಡತಾಕುವುದು ಚಿಕ್ಕನಾಯಕನಹಳ್ಳಿಯ ಬಿಇಒ ಕಚೇರಿಗೆ, ಅಲ್ಲಿಂದ ಮೇಲೆ ತುಮಕೂರಿನ ಉಪನಿರ್ದೇಶಕರಿಗೆ. ಜಿಲ್ಲೆಯಲ್ಲಿ ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಬೋರನಕಣಿವೆಯಿಂದ ಸ್ವಲ್ಪ ಆಚೆ ಹೋಗಿ ಸಿರಾ ತಾಲ್ಲೂಕಿನ ಗಡಿ ದಾಟಿ ಜಾಗ ಹಿಡಿದರೆ ನಿಮ್ಮ ಕಚೇರಿ ಮಧುಗಿರಿಯಾಗುತ್ತದೆ. ಜಾಗ ಕೊಳ್ಳುವ ಮೊದಲೇ ಇದನ್ನು ನೋಡಿಕೊಂಡರೆ ಓಡಾಟ ಉಳಿಯುತ್ತದೆ.

ಅಲ್ಪಸಂಖ್ಯಾತರು ತಮ್ಮ ಇಷ್ಟದ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಸಂವಿಧಾನದ 30ನೇ ವಿಧಿಯಿಂದ ಬಂದದ್ದು. ಅದರ ಪ್ರಮಾಣಪತ್ರಕ್ಕೆ ರಾಜ್ಯ ಸರ್ಕಾರವೂ ಇದೆ, 2004ರ ಕಾಯ್ದೆಯಿಂದ ಬಂದ ರಾಷ್ಟ್ರೀಯ ಆಯೋಗವೂ ಇದೆ. ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2025ರ ಸೆಪ್ಟೆಂಬರ್‌ನಲ್ಲಿ ಅದೇ ಕೋರ್ಟಿನ ಇನ್ನೊಂದು ಪೀಠ ಆ ತೀರ್ಪಿನ ಬಗ್ಗೆ ಅನುಮಾನ ವ್ಯಕ್ತಪಡಿಸಿ ವಿಸ್ತೃತ ಪೀಠ ನೋಡಲಿ ಎಂದಿತು. ತೀರ್ಪು ಯಾವ ಕಡೆ ಬಂದರೂ ಸರಿ, ಬಡ ಮಕ್ಕಳಿಗೆ ಒಂದಿಷ್ಟು ಸೀಟು ಉಚಿತವಾಗಿ ಇಟ್ಟೇ ಶುರು ಮಾಡಿ. ಕಾನೂನಿನ ವಿನಾಯಿತಿಯನ್ನು ಬಡವರ ಮುಖಕ್ಕೆ ಹಿಡಿಯಲು ಕಥೋಲಿಕ ಶಾಲೆ ಬೇಕಾಗಿಲ್ಲ.

ನೋಂದಣಿ ಆದೇಶ ಕೈಗೆ ಬರುವವರೆಗೆ ಒಂದು ಮಗುವನ್ನೂ ಸೇರಿಸಿಕೊಳ್ಳಬೇಡಿ. ಸರ್ಕಾರದ ಗುರುತಿನ ಸಂಖ್ಯೆಯಾದ ಯು-ಡೈಸ್ ಇಲ್ಲದ ಶಾಲೆಯ ಮಗುವಿನ ಹೆಸರು ರಾಜ್ಯದ ವಿದ್ಯಾರ್ಥಿ ದಾಖಲೆಯಾದ ಎಸ್‌ಎಟಿಎಸ್‌ಗೆ ಹೋಗುವುದಿಲ್ಲ. ಮುಂದೆ ಟಿಸಿ ಕೊಡುವಾಗ ಪೋಷಕರು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಜೂನ್‌ಗೆ ಆದೇಶ ಬರದಿದ್ದರೆ ಒಂದು ವರ್ಷ ಕಾಯುವುದೇ ಮೇಲು.

ಹಂತ 3: ನೀರು, ನೆರಳು, ಬೆಂಕಿ

ಬೋರನಕಣಿವೆ ಜಲಾಶಯ ಸುವರ್ಣಮುಖಿಗೆ ಮೈಸೂರು ಅರಸರ ಕಾಲದಲ್ಲಿ, ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಕಟ್ಟಿದ್ದು. ಕಣ್ಣಿಗೆ ನೀರು ಕಂಡಿತೆಂದು ಕುಡಿಯುವ ನೀರಿನ ಚಿಂತೆ ಬಿಡುವಂತಿಲ್ಲ. ನೀವು ಕುಡಿಸುವುದು ಕೊಳವೆಬಾವಿಯ ನೀರು, ತುಮಕೂರು ಜಿಲ್ಲೆಯ ಎಷ್ಟೋ ಕಡೆ ಅದರಲ್ಲಿ ಫ್ಲೋರೈಡ್ ಇದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಾಗ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಶಾಲೆ ತೆರೆಯುವ ಮೊದಲೇ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡಿಸಿ, ವರದಿಯನ್ನು ಗೋಡೆಗೆ ಅಂಟಿಸಿ. ಹೆಚ್ಚಿದ್ದರೆ ಶುದ್ಧೀಕರಣ ಘಟಕ ಹಾಕಿಸಿ, ಇಲ್ಲವೇ ಪಂಚಾಯ್ತಿಯ ಘಟಕದಿಂದ ಕ್ಯಾನು ತರಿಸಿ. ಆರು ವರ್ಷದ ಮಗುವಿನ ಕಾಯಂ ಹಲ್ಲುಗಳು ಇನ್ನೂ ವಸಡಿನೊಳಗೇ ರೂಪುಗೊಳ್ಳುತ್ತಿರುತ್ತವೆ, ಕಲೆ ಬೀಳುವ ವಯಸ್ಸು ಇದೇ.

ತೆಂಗಿನ ತೋಟದೊಳಗೆ ಶಾಲೆ ಎಂದರೆ ನೋಡಲು ಚೆಂದ. ಆದರೆ ಆಟದ ಬಯಲು ಮರದ ಬುಡದಲ್ಲಿ ಬೇಡ. ಒಣಗಿದ ಗರಿ ಗಾಳಿಯಿಲ್ಲದೆಯೂ ಬೀಳುತ್ತದೆ, ಬಲಿತ ಕಾಯಿ ಬೀಳುವುದಕ್ಕೆ ಹೊತ್ತುಗೊತ್ತಿಲ್ಲ. ಬೆಳಗಿನ ಪ್ರಾರ್ಥನೆಗೆ ಮಕ್ಕಳು ಸಾಲುಗಟ್ಟುವ ಜಾಗ, ಶೌಚಾಲಯಕ್ಕೆ ಹೋಗುವ ದಾರಿ, ಗೇಟಿನ ಬಳಿ ಪೋಷಕರು ನಿಲ್ಲುವ ಜಾಗ, ಈ ಮೂರರ ಮೇಲೆ ಬಾಗಿದ ಮರಗಳಿದ್ದರೆ ಬೇಸಿಗೆ ರಜೆಯಲ್ಲೇ ಕಾಯಿ, ಗರಿ ಇಳಿಸಿ. ಆವರಣದಲ್ಲಿ ಮಟ್ಟೆ ರಾಶಿ ಹಾಕಲು ಯಾರಿಗೂ ಬಿಡಬೇಡಿ, ಅದರಡಿ ಚೇಳು, ಹಾವು ಸೇರುತ್ತವೆ.

ಬೆಂಕಿಯ ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ಲಬೇಕು. ಮೊದಲ ವರ್ಷ ದುಡ್ಡು ಸಾಲದು, ಕೊಠಡಿ ಸಾಲದು. ಕೈಗೆಟಕುವ ಹಾಗೆ ತೆಂಗಿನ ಗರಿ ಬಿದ್ದಿರುತ್ತದೆ. "ಒಂದು ವರ್ಷಕ್ಕೆ ತಾನೇ, ಗರಿ ಹೊದಿಸಿ ಒಂದು ಶೆಡ್ ಹಾಕಿಬಿಡೋಣ" ಎಂದು ಒಳ್ಳೆಯ ಮನಸ್ಸಿನವರೇ ಸಲಹೆ ಕೊಡುತ್ತಾರೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿ, ಅಲ್ಲಿಂದ ತರಗತಿಗಳಿಗೆ ಹಬ್ಬಿ 94 ಮಕ್ಕಳು ಸತ್ತರು. ಪ್ರಾಥಮಿಕ ತರಗತಿಯ ಪುಟ್ಟ ಮಕ್ಕಳು. ಆ ದುರಂತದ ನಂತರ ನಡೆದ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟ್ 2009ರಲ್ಲಿ ದೇಶದ ಎಲ್ಲ ಶಾಲೆಗಳಿಗೂ ಅಗ್ನಿ ಸುರಕ್ಷತೆ ಕಡ್ಡಾಯ ಮಾಡಿದ್ದು. ಆದ್ದರಿಂದ ತರಗತಿಗೂ ಗರಿ ಬೇಡ, ಅಡುಗೆ ಕೋಣೆಗೂ ಬೇಡ, ಶಾಲಾ ವಾರ್ಷಿಕೋತ್ಸವದ ಚಪ್ಪರಕ್ಕೂ ಬೇಡ. ಪ್ರತಿ ಕೊಠಡಿಯ ಬಾಗಿಲು ಹೊರಕ್ಕೆ ತೆರೆಯಲಿ. ತರಗತಿ ನಡೆಯುವಾಗ ಯಾವ ಗೇಟಿಗೂ ಬೀಗ ಬೇಡ, ಚಿಲಕ ಸಾಕು. ಮರಳು ತುಂಬಿದ ಬಕೆಟ್‌ಗಳು, ಬೆಂಕಿ ಆರಿಸುವ ಸಿಲಿಂಡರ್ ಎರಡನ್ನೂ ಇಟ್ಟು, ಸಿಲಿಂಡರ್ ಬಳಸುವುದನ್ನು ಆಯಾ ಅಮ್ಮನಿಗೂ ಕಲಿಸಿ. ಕೊಠಡಿ ಸಾಲದಿದ್ದರೆ ಮಕ್ಕಳ ಸಂಖ್ಯೆ ಇಳಿಸಿ.

ಹಂತ 4: ಒಂದನೇ ತರಗತಿ ಮಾತ್ರ

ಐದೂ ತರಗತಿ ಒಟ್ಟಿಗೆ ತೆರೆಯುವ ಆಸೆ ಬರುತ್ತದೆ, ಕೇಳುವವರೂ ಇರುತ್ತಾರೆ. ಮೂರನೇ, ನಾಲ್ಕನೇ ತರಗತಿಗೆ ಬೇರೆ ಶಾಲೆ ಬಿಟ್ಟು ಬರುವ ಮಕ್ಕಳು ಒಬ್ಬೊಬ್ಬರು ಒಂದೊಂದು ಮಟ್ಟದಲ್ಲಿ ಇರುತ್ತಾರೆ. ಅವರನ್ನು ಸರಿದೂಗಿಸುವಷ್ಟರಲ್ಲಿ ಚಿಕ್ಕವರ ಕಡೆ ಗಮನ ತಪ್ಪುತ್ತದೆ. ಒಂದನೇ ತರಗತಿ, ಬೇಕಾದರೆ ಅದರ ಕೆಳಗೆ ಯುಕೆಜಿ, ಅಷ್ಟೇ ಇರಲಿ. ವರ್ಷಕ್ಕೊಂದು ತರಗತಿ ಮೇಲಕ್ಕೆ ಬೆಳೆಯಲಿ. ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂಬುದು ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕ. ಹೊಸ ಶಾಲೆಗೆ ಒಬ್ಬ ಶಿಕ್ಷಕಿಗೆ ಇಪ್ಪತ್ತೈದು ಸಾಕು.

ವಯಸ್ಸು: ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬುದು ರಾಜ್ಯದ ನಿಯಮ. 2025-26ನೇ ಸಾಲಿಗೆ ಮಾತ್ರ ಯುಕೆಜಿ ಮುಗಿಸಿದವರಿಗೆಂದು ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದರು. "ಎರಡು ತಿಂಗಳು ಕಡಿಮೆ ಅಷ್ಟೇ, ಹೇಗಾದರೂ ಮಾಡಿ" ಎನ್ನುವವರಿಗೆ ಸಮಾಧಾನದಿಂದ ಇಲ್ಲ ಎನ್ನಿ. ಪ್ರವೇಶಕ್ಕೆ ಮಗುವಿಗೆ ಪರೀಕ್ಷೆ ಬೇಡ, ಅಪ್ಪ ಅಮ್ಮನ ಸಂದರ್ಶನ ಬೇಡ. ಡೊನೇಷನ್ ಎಂಬ ಮಾತೇ ಬೇಡ; ಅದನ್ನು ನಿಷೇಧಿಸಿ ರಾಜ್ಯದಲ್ಲಿ 1984ರಿಂದ ಕಾಯ್ದೆಯೇ ಇದೆ.

ಹಂತ 5: ಶಿಕ್ಷಕಿಯರು

ಡಿ.ಎಡ್ ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳು ಹುಳಿಯಾರು, ಚಿಕ್ಕನಾಯಕನಹಳ್ಳಿ ಕಡೆ ಸಿಗುತ್ತಾರೆ. ಮೊದಲ ಆದ್ಯತೆ ಅವರಿಗೇ. ಮುಖ್ಯೋಪಾಧ್ಯಾಯಿನಿಯಾಗಿ ಬರುವ ಸಿಸ್ಟರ್ ಬಹುಪಾಲು ಕರಾವಳಿಯವರೋ ಕೇರಳದವರೋ ಆಗಿರುತ್ತಾರೆ. ಅವರ ಕನ್ನಡ ಬೇರೆ, ಈ ಸೀಮೆಯ ಕನ್ನಡ ಬೇರೆ. ಮೊದಲ ತಿಂಗಳು ಸಿಸ್ಟರ್ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಮಕ್ಕಳ ಮಾತು ಕೇಳಲಿ. ಮಗು ಶಿಕ್ಷಕಿಯನ್ನು "ಮಿಸ್" ಎನ್ನಲಿ, "ಅಕ್ಕ" ಎನ್ನಲಿ, ತಿದ್ದುವ ಅಗತ್ಯವಿಲ್ಲ.

ಸಂಬಳ ಬ್ಯಾಂಕಿಗೆ ಹೋಗಲಿ, ಹನ್ನೆರಡು ತಿಂಗಳೂ ಹೋಗಲಿ. ಏಪ್ರಿಲ್, ಮೇ ಸಂಬಳ ಹಿಡಿದುಕೊಳ್ಳುವ ಪದ್ಧತಿ ಖಾಸಗಿ ಶಾಲೆಗಳಲ್ಲಿ ಬೇರೂರಿದೆ. ಸಾಮಾಜಿಕ ನ್ಯಾಯದ ಬಗ್ಗೆ ಇಷ್ಟೊಂದು ಬರೆದಿರುವ ಧರ್ಮಸಭೆಯ ಹೆಸರು ಹೊತ್ತ ಶಾಲೆಗೆ ಅದು ಸಲ್ಲದು.

ಶಿಕ್ಷಕಿ, ಆಯಾ, ವ್ಯಾನ್ ಚಾಲಕ, ವಾಚ್‌ಮನ್, ಎಲ್ಲರದ್ದೂ ಪೊಲೀಸ್ ಪರಿಶೀಲನೆ ಆಗಲಿ. ಸಿಸ್ಟರ್, ಗುರುಗಳಿಗೂ ಮಕ್ಕಳ ರಕ್ಷಣಾ ನೀತಿ ಅಷ್ಟೇ ಅನ್ವಯಿಸುತ್ತದೆ, ಅವರೂ ಸಹಿ ಹಾಕಲಿ. 2012ರ ಪೋಕ್ಸೊ ಕಾಯ್ದೆಯಡಿ, ಮಗುವಿನ ಮೇಲೆ ದೌರ್ಜನ್ಯ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮೊದಲು ಮೇಲಿನವರನ್ನು ಕೇಳೋಣ ಎಂದು ಕೂರುವಂತಿಲ್ಲ. ಮಕ್ಕಳ ಸಹಾಯವಾಣಿ 1098 ಮಕ್ಕಳ ಕಣ್ಣಿನ ಎತ್ತರಕ್ಕೆ ಗೋಡೆಯ ಮೇಲೆ ಇರಲಿ. ಹೊಡೆತ ಇಲ್ಲವೇ ಇಲ್ಲ. "ಎರಡು ಬಿಡಿ ಸಿಸ್ಟರ್, ಸರಿಹೋಗ್ತಾನೆ" ಎಂದು ತಂದೆಯೇ ಹೇಳಿದರೂ ಇಲ್ಲ.

ಹಂತ 6: ಯಾವ ಮಾತಿನಲ್ಲಿ ಕಲಿಸುವುದು

ಜನ ಕಾನ್ವೆಂಟ್ ಎಂದರೆ ಇಂಗ್ಲಿಷ್ ಮೀಡಿಯಂ ಎಂದೇ ತಿಳಿದಿರುತ್ತಾರೆ. ಸರ್ಕಾರ ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದ್ದರಿಂದ ಆಯ್ಕೆ ನಿಮ್ಮದೇ. ಕನ್ನಡವನ್ನು ಪ್ರಥಮ ಇಲ್ಲವೇ ದ್ವಿತೀಯ ಭಾಷೆಯಾಗಿ ಕಲಿಸುವುದು ಮಾತ್ರ 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯ ಪ್ರಕಾರ ಕಡ್ಡಾಯ. ನನ್ನ ಸಲಹೆ: ಹೆಸರಿಗೆ ಯಾವ ಮಾಧ್ಯಮವಾದರೂ ಇರಲಿ, ಮೊದಲ ಆರು ತಿಂಗಳು ತರಗತಿಯಲ್ಲಿ ಕನ್ನಡವೇ ಓಡಾಡಲಿ, ಇಂಗ್ಲಿಷನ್ನು ಹಾಡಿನಲ್ಲಿ, ಆಟದಲ್ಲಿ, ದಿನಾ ಒಂದು ಗಂಟೆ ಚೆನ್ನಾಗಿ ಕಲಿಸಿ. ಕನ್ನಡ ಮಾತಾಡಿದ್ದಕ್ಕೆ ದಂಡ ಹಾಕುವ ಅಭ್ಯಾಸ ನಿಮ್ಮ ಆವರಣಕ್ಕೆ ಬರಲೇಬಾರದು.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ ಪದ್ಧತಿಯ ಕಾರ್ಡು, ಮೆಟ್ಟಿಲು, ಗುಂಪುಗಳನ್ನು ಪಕ್ಕದ ಸರ್ಕಾರಿ ಶಾಲೆಗೆ ಹೋಗಿ ನೋಡಿ ಬನ್ನಿ. ಬೇರೆ ಬೇರೆ ಮಟ್ಟದ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿ ಕಲಿಸುವುದು ಹೇಗೆಂದು ಅಲ್ಲಿನ ಮೇಷ್ಟ್ರುಗಳಿಗೆ ಗೊತ್ತು.

ಹಂತ 7: ಶುಲ್ಕ ಕೊಬ್ಬರಿಯ ಲೆಕ್ಕದಲ್ಲಿ

ಹೊರಗಿನಿಂದ ಬಂದ ಆಡಳಿತ ಹೆಚ್ಚು ಎಡವುವುದು ಇಲ್ಲಿ. ನಗರದ ಶಾಲೆಯ ಚಲನ್ ಪುಸ್ತಕ ತಂದು, ಜೂನ್ 10ರೊಳಗೆ ಮೊದಲ ಕಂತು ಎಂದು ಬರೆದುಬಿಡುತ್ತಾರೆ. ಈ ಸೀಮೆಯ ಮನೆಯಲ್ಲಿ ಜೂನ್ ಎಂದರೆ ಬಿತ್ತನೆ ಬೀಜ, ಗೊಬ್ಬರ, ಉಳುಮೆ ಬಾಡಿಗೆ; ದುಡ್ಡು ಹೊರಗೆ ಹೋಗುವ ತಿಂಗಳು. ತೋಟದವರ ದುಡ್ಡು ಇರುವುದು ಅಟ್ಟದ ಮೇಲೆ. ಇಳಿಸಿದ ಕಾಯಿ ಮಟ್ಟೆಸಮೇತ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಕೂತು, ಒಳಗಿನ ನೀರು ಇಂಗಿ, ಅಲುಗಾಡಿಸಿದರೆ ಗುಡುಗುಡು ಎನ್ನುವ ಉಂಡೆ ಕೊಬ್ಬರಿಯಾಗಬೇಕು. ಆಮೇಲೆ ಸುಲಿದು, ಕರಟ ಒಡೆದು, ಚೀಲ ತುಂಬಿ ತಿಪಟೂರಿನ ಮಾರುಕಟ್ಟೆಗೆ. ರೇಟು ಬಿದ್ದಿದ್ದರೆ ರೈತ ಚೀಲ ಹೊರಗೆ ತೆಗೆಯುವುದೇ ಇಲ್ಲ, ಕಾಯುತ್ತಾನೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿತ್ತು. 2025ರಲ್ಲಿ ಬೆಂಬಲ ಬೆಲೆ 12,100, ಮಾರುಕಟ್ಟೆಯ ದರ 20 ಸಾವಿರ ದಾಟಿತು. ಎರಡು ವರ್ಷದ ಅಂತರದಲ್ಲಿ ಅದೇ ತೋಟ, ಅದೇ ಮನೆ, ಕೈಯಲ್ಲಿರುವ ದುಡ್ಡು ಮಾತ್ರ ಬೇರೆ. 2016-17ರ ಆಸುಪಾಸಿನ ಬರದಲ್ಲಿ ಸುಳಿ ಒಣಗಿದ ಮರಗಳ ಜಾಗದಲ್ಲಿ ನೆಟ್ಟ ಸಸಿಗಳಿಂದಲೇ ಫಸಲು ಕಾಯುತ್ತಿರುವ ಮನೆಗಳೂ ಇವೆ.

ಇನ್ನೊಂದು ಬಗೆಯ ಮನೆ ಇದೆ. ಅವರಿಗೆ ತೋಟವಿಲ್ಲ; ಹೆಂಗಸರು ಕೊಬ್ಬರಿ ಮಂಡಿಯಲ್ಲಿ ಸುಲಿಯುವ, ಒಡೆಯುವ ಕೂಲಿಗೆ ಹೋಗುತ್ತಾರೆ, ಗಂಡಸರು ಗಾರೆ ಕೆಲಸಕ್ಕೆ. ಅವರ ದುಡ್ಡು ವಾರಕ್ಕೊಮ್ಮೆ ಬರುತ್ತದೆ, ಸಂತೆಯ ದಿನ ಮುಗಿಯುತ್ತದೆ.

ಹೀಗೆ ಮಾಡಿ. ವರ್ಷದ ಒಟ್ಟು ಶುಲ್ಕ ಎಷ್ಟೆಂದು ಸೇರುವ ದಿನವೇ ಬರಹದಲ್ಲಿ ಕೊಡಿ, ನಡುವೆ ಒಂದು ರೂಪಾಯಿಯೂ ಸೇರಿಸಬೇಡಿ. ತೋಟದವರಿಗೆ ಕೊಬ್ಬರಿ ಮಾರಿದಾಗ ಕಟ್ಟುವ ಎರಡು ದೊಡ್ಡ ಕಂತು. ತಿಂಗಳನ್ನು ಅವರೇ ಹೇಳಲಿ. ಕೂಲಿಯವರಿಗೆ ತಿಂಗಳ ಸಣ್ಣ ಕಂತು. ಬಾಕಿಯ ಮಾತು ದೊಡ್ಡವರ ಜೊತೆ ಮಾತ್ರ, ಕಚೇರಿಯೊಳಗೆ ಮಾತ್ರ. ಬಾಕಿ ಇರುವ ಮಗುವನ್ನು ತರಗತಿಯಲ್ಲಿ ಎದ್ದು ನಿಲ್ಲಿಸಿದ ಸುದ್ದಿ ಸಂಜೆಯೊಳಗೆ ಹತ್ತು ಊರಿಗೆ ಹಬ್ಬುತ್ತದೆ, ಆ ಮಗು ಅದನ್ನು ಬದುಕಿರುವವರೆಗೂ ಮರೆಯುವುದಿಲ್ಲ. ಉಚಿತ ಸೀಟು ಯಾರದ್ದೆಂದು ಮುಖ್ಯೋಪಾಧ್ಯಾಯಿನಿಗೆ ಬಿಟ್ಟು ಇನ್ನಾರಿಗೂ ತಿಳಿಯದಿರಲಿ. ಸಮವಸ್ತ್ರಕ್ಕೆ ಹುಳಿಯಾರಿನ ಯಾವ ಅಂಗಡಿಯಲ್ಲಾದರೂ ಸಿಗುವ ಬಣ್ಣ ಆರಿಸಿ, ಊರಿನ ದರ್ಜಿಯೇ ಹೊಲಿಯಲಿ.

ಹಂತ 8: ಮೊದಲ ಮೂರು ವಾರ

ಮೊದಲ ದಿನ ಅಳು ಇದ್ದದ್ದೇ. ತಾಯಿ ಗೇಟಿನಾಚೆ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ, ಮಗು ಕಂಬಿ ಹಿಡಿದು ಬಿಡುವುದಿಲ್ಲ. ಎಳೆದೊಯ್ಯಬೇಡಿ. ಮೊದಲ ವಾರ ತಾಯಿಯೋ ಅಜ್ಜಿಯೋ ತರಗತಿಯ ಒಳಗೇ ಕೂರಲಿ, ಚಾಪೆ ಹಾಸಿಕೊಡಿ. ಎರಡನೇ ವಾರ ವರಾಂಡದಲ್ಲಿ. ಮೂರನೇ ವಾರದ ಹೊತ್ತಿಗೆ ಅವರಿಗೇ ಹೊಲದ ಕೆಲಸ ನೆನಪಾಗುತ್ತದೆ. ಇದರಿಂದ ಇನ್ನೊಂದು ಲಾಭವೂ ಇದೆ. ನೀವು ಮಕ್ಕಳ ಜೊತೆ ಹೇಗಿರುತ್ತೀರಿ ಎಂದು ಆ ಅಜ್ಜಿ ಕಣ್ಣಾರೆ ಕಂಡಿರುತ್ತಾಳೆ, ಊರಿನಲ್ಲಿ ನಿಮ್ಮ ಪರವಾಗಿ ಮಾತಾಡುವವಳು ಅವಳೇ.

ಮೊದಲ ದಿನದಿಂದಲೇ ಕಣ್ಣಿಡಬೇಕಾದ ಜಾಗ ಮಧ್ಯಾಹ್ನದ ಊಟ. ಅನುದಾನವಿಲ್ಲದ ಖಾಸಗಿ ಶಾಲೆಗೆ ಅಕ್ಷರ ದಾಸೋಹವಿಲ್ಲ, ಕ್ಷೀರಭಾಗ್ಯದ ಹಾಲೂ ಇಲ್ಲ. ಮಕ್ಕಳು ಡಬ್ಬಿ ತರುತ್ತಾರೆ. ಚಿತ್ರಾನ್ನ, ಉಪ್ಪಿಟ್ಟು, ಅಕ್ಕಿ ರೊಟ್ಟಿ. ಸುಮ್ಮನೆ ಬಿಟ್ಟರೆ ಮಕ್ಕಳು ತಮ್ಮ ಕೇರಿಯವರ ಪಕ್ಕವೇ ಕೂರುತ್ತಾರೆ, ಮನೆಯಲ್ಲಿ ಹಾಗೆಂದು ಹೇಳಿ ಕಳಿಸಿರುವುದೂ ಉಂಟು. ಹೆಸರಿನ ಅಕ್ಷರದ ಕ್ರಮದಲ್ಲಿ ಸಾಲು ಕೂರಿಸಿ, ಶಿಕ್ಷಕಿಯೂ ಅದೇ ಸಾಲಿನಲ್ಲಿ ಕೂರಲಿ. ಡಬ್ಬಿ ತರದ ಮಗುವಿಗೆ ಕಾನ್ವೆಂಟಿನ ಅಡುಗೆಮನೆಯಿಂದ ಅನ್ನ ಸಾರು ಬರಲಿ. ಯಾರಾದರೂ ಆಕ್ಷೇಪ ಎತ್ತಿದರೆ ದೂರದ ಉದಾಹರಣೆ ಬೇಡ: ಇದೇ ಜಿಲ್ಲೆಯ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮೀಜಿಯವರು ದಶಕಗಳ ಕಾಲ ಎಲ್ಲ ಜಾತಿಯ ಸಾವಿರಾರು ಮಕ್ಕಳಿಗೆ ಅನ್ನವಿಟ್ಟು ಓದಿಸಿದ್ದು ಇಲ್ಲಿನ ಪ್ರತಿಯೊಬ್ಬರಿಗೂ ಗೊತ್ತು. ನಾವೂ ಅದನ್ನೇ ಮಾಡುತ್ತಿದ್ದೇವೆ ಎಂದರೆ ಅರ್ಥವಾಗುತ್ತದೆ.

ಹಂತ 9: ಪ್ರಾರ್ಥನೆ, ಧರ್ಮೋಪದೇಶ, ಹಬ್ಬ

ಸರ್ಕಾರದ ಮಾನ್ಯತೆ ಪಡೆದ ಶಾಲೆಯಲ್ಲಿ, ಪೋಷಕರ ಒಪ್ಪಿಗೆ ಇಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಗೆ, ಪೂಜೆಗೆ ಕೂರಿಸುವಂತಿಲ್ಲ. ಸಂವಿಧಾನದ 28ನೇ ವಿಧಿಯ ಮೂರನೇ ಉಪವಿಧಿ ಇದು. ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ ಶಾಲೆ ಬಿಟ್ಟ ಮೇಲೋ ಭಾನುವಾರವೋ ನಡೆಯಲಿ, ಒಂದೇ ಮಗು ಇದ್ದರೂ ತಪ್ಪದೆ ನಡೆಯಲಿ. ಉಳಿದವರಿಗೆ ಮೌಲ್ಯ ಶಿಕ್ಷಣ. ಬೆಳಗಿನ ಸಭೆಯಲ್ಲಿ ನಾಡಗೀತೆ, ಸಂವಿಧಾನದ ಪೀಠಿಕೆ, ಎಲ್ಲರೂ ಹೇಳಬಹುದಾದ ಒಂದು ಪ್ರಾರ್ಥನೆ, ಒಂದು ನಿಮಿಷ ಮೌನ. ಭಾರತದ ಕಥೋಲಿಕ ಬಿಷಪರ ಮಂಡಳಿಯೂ 2024ರಲ್ಲಿ ತನ್ನ ಶಾಲೆಗಳಿಗೆ ಇದನ್ನೇ ಹೇಳಿದೆ: ಪೀಠಿಕೆ ಓದಿಸಿ, ಬೇರೆ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆ ಹೇರಬೇಡಿ.

ಹಾಗೆಂದು ಶಿಲುಬೆಯನ್ನು ಬಚ್ಚಿಡುವ ಅಗತ್ಯವಿಲ್ಲ. ಶಾಲೆ ಯಾರದೆಂದು ಊರಿಗೆ ಗೊತ್ತಿದೆ, ಮುಚ್ಚಿಟ್ಟರೆ ಅನುಮಾನ ಬೆಳೆಯುತ್ತದೆ. ಕ್ಯಾಲೆಂಡರೂ ನಿಮಗೆ ಅನುಕೂಲವಾಗಿಯೇ ಇದೆ. ಆಗಸ್ಟ್ 15 ಸ್ವಾತಂತ್ರ್ಯ ದಿನ, ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬವೂ ಹೌದು. ನವೆಂಬರ್ 1 ರಾಜ್ಯೋತ್ಸವ, ಸಕಲ ಸಂತರ ಹಬ್ಬವೂ ಹೌದು. ಮುಂಜಾನೆ ಬಲಿಪೂಜೆ ನಿಮ್ಮದು, ಎಂಟಕ್ಕೆ ಧ್ವಜಾರೋಹಣ ಊರಿನದು. ಡಿಸೆಂಬರಿನಲ್ಲಿ ಗೋದಲಿ ಕಟ್ಟುವಾಗ ಮಕ್ಕಳೇ ಮನೆಯಿಂದ ರಾಗಿ ಹುಲ್ಲು, ತೆಂಗಿನ ನಾರು ತರಲಿ. ಕುರಿಗಳ ಬಗ್ಗೆ ಗೊಲ್ಲರ ಹಟ್ಟಿಯ ಹುಡುಗರಿಗೆ ನಿಮಗಿಂತ ಹೆಚ್ಚು ಗೊತ್ತು, ಕೇಳಿ ಕಟ್ಟಿ. ಕ್ರಿಸ್‌ಮಸ್ ರಜೆ ಬೇಕಿದ್ದರೆ ಉಪನಿರ್ದೇಶಕರಿಗೆ ಮುಂಚಿತವಾಗಿ ಮನವಿ ಕೊಟ್ಟು, ಅಷ್ಟು ದಿನಗಳನ್ನು ದಸರಾ ರಜೆಯಲ್ಲಿ ಕಡಿಮೆ ಮಾಡಿಕೊಳ್ಳಬೇಕು. ಮೊದಲ ವರ್ಷ ದಸರಾ ರಜೆಯನ್ನು ಆದಷ್ಟು ಕಡಿಯಬೇಡಿ, ಎರಡು ಮೂರು ದಿನದ ಕ್ರಿಸ್‌ಮಸ್ ರಜೆ ಸಾಕು. ಊರ ಜಾತ್ರೆಯ ದಿನ ಸ್ಥಳೀಯ ರಜೆ ಇರಲಿ.

ಹಂತ 10: ಪೋಷಕರ ಸಭೆ

ಸಭೆ ಕರೆದು ಯಾರೂ ಬರಲಿಲ್ಲ ಎಂದು ಕೊರಗುವ ಮೊದಲು ಹೊಲ ನೋಡಿ. ಪೂರ್ವ ಮುಂಗಾರಿನ ಹೆಸರು ಬಿಡಿಸುವ ಹೊತ್ತಿನಲ್ಲಿ, ರಾಗಿ ಕಟಾವಿನಲ್ಲಿ ಸಭೆ ಇಟ್ಟರೆ ಬಾರದಿರುವುದು ಅವರ ತಪ್ಪಲ್ಲ. ವರ್ಷಕ್ಕೆ ನಾಲ್ಕು ಸಭೆ ಸಾಕು, ಸಂಜೆ ಇರಲಿ, ಒಂದು ಗಂಟೆ ಮೀರದಿರಲಿ. ಒಂದನ್ನು ಹಟ್ಟಿಯಲ್ಲಿ, ಒಂದನ್ನು ತಾಂಡಾದಲ್ಲಿ ಮಾಡಿ. ಎಲ್ಲರೂ ನೆಲದ ಮೇಲೆ ಕೂರಲಿ, ವೇದಿಕೆ, ಹಾರ, ಶಾಲು ಬೇಡ. ಮಗುವಿನ ಅಂಕಪಟ್ಟಿ ಓದಿ ಹೇಳಬೇಡಿ; ಮಗು ಬರೆದ ಪುಟ ತೋರಿಸಿ, ಓದಿಸಿ ಕೇಳಿಸಿ. ಅಕ್ಷರ ಬಾರದ ತಾಯಿಯ ಮುಂದೆ ಅವಳ ಮಗ ಅವಳ ಹೆಸರನ್ನು ಸ್ಲೇಟಿನ ಮೇಲೆ ಬರೆದರೆ ಬೇರೆ ವರದಿ ಬೇಕಿಲ್ಲ.

ಏಳೆಂಟು ಜನರ ಪೋಷಕರ ಸಮಿತಿ ಮಾಡಿ, ಅರ್ಧಕ್ಕಿಂತ ಹೆಚ್ಚು ಹೆಂಗಸರಿರಲಿ, ಪ್ರತಿ ಕೇರಿಯಿಂದ ಒಬ್ಬರಿರಲಿ. ಅವರಿಗೆ ನಿಜವಾದ ಕೆಲಸ ಕೊಡಿ: ನೀರಿನ ವರದಿ ನೋಡುವುದು, ವ್ಯಾನಿನಲ್ಲಿ ಎಷ್ಟು ಮಕ್ಕಳನ್ನು ತುಂಬಿದ್ದಾರೆಂದು ಎಣಿಸುವುದು, ಮರ ಇಳಿಸುವ ದಿನ ಗೊತ್ತು ಮಾಡುವುದು.

ಹಂತ 11: ಮಾರ್ಚ್, ಏಪ್ರಿಲ್, ಮೇ

ಒಂದರಿಂದ ಐದನೇ ತರಗತಿಗೆ 200 ಕೆಲಸದ ದಿನ ಎಂಬುದು ಶಿಕ್ಷಣ ಹಕ್ಕು ಕಾಯ್ದೆಯ ಅಳತೆ. ಹಾಜರಿ ಪುಸ್ತಕ ತೆಗೆದು ನಿಮ್ಮದು ಎಷ್ಟಾಯಿತು ನೋಡಿ. ಯಾವ ಮಗು ಯಾವ ತಿಂಗಳು ಹೆಚ್ಚು ತಪ್ಪಿಸಿತು ಎಂದು ಮನೆವಾರು ಪುಸ್ತಕದಲ್ಲಿ ಗುರುತು ಹಾಕಿ, ಮುಂದಿನ ವರ್ಷದ ಸಮಯಪಟ್ಟಿ ಅದರಿಂದಲೇ ತಯಾರಾಗುತ್ತದೆ. ಬಿಟ್ಟು ಹೋಗುವವರಿಗೆ ಟಿಸಿ ಕೇಳಿದ ವಾರದಲ್ಲೇ ಕೊಡಿ, ಬಾಕಿಯ ನೆಪ ಹೇಳಿ ತಡೆಹಿಡಿಯಬೇಡಿ. ಯಾಕೆ ಬಿಡುತ್ತೀರಿ ಎಂದು ಕೇಳಿ, ಉತ್ತರ ಬರೆದುಕೊಳ್ಳಿ. ಬಂದ ಶುಲ್ಕ ಎಷ್ಟು, ಹೊರಗಿನ ನೆರವು ಎಷ್ಟು, ಸಂಬಳಕ್ಕೆ ಎಷ್ಟು, ಕಟ್ಟಡಕ್ಕೆ ಎಷ್ಟು ಎಂಬ ಲೆಕ್ಕವನ್ನು ಕೊನೆಯ ಪೋಷಕರ ಸಭೆಯಲ್ಲಿ ಕನ್ನಡದಲ್ಲಿ ಓದಿ, ಒಂದು ಪ್ರತಿಯನ್ನು ನೋಟಿಸ್ ಬೋರ್ಡಿಗೆ ಹಾಕಿ. ವಿದೇಶದಿಂದ ದುಡ್ಡು ಬರುತ್ತದೆ ಎಂಬ ಗಾಳಿಸುದ್ದಿಗೆ ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಆಮೇಲೆ ಎರಡನೇ ತರಗತಿಯ ಕೊಠಡಿಗೆ ಸುಣ್ಣ ಹೊಡೆಸಿ, ಶಿಕ್ಷಕಿಯರ ಮೇ ತಿಂಗಳ ಸಂಬಳ ಬ್ಯಾಂಕಿಗೆ ಹೋಗಿದೆಯೇ ನೋಡಿ, ಹೊಸ ಪ್ರವೇಶದ ಅರ್ಜಿ ಕೊಡಲು ಶುರು ಮಾಡಿ.